ಎರಡನೆಯ ಸಹಿ

ತೊಲೆ ಕ್ರೇನಿನ ಕೊಂಡಿಗೆ ಜೋತುಬಿದ್ದು ಎರಡನೇ ಮಹಡಿಯ ಮಟ್ಟದಲ್ಲಿ ನಿಂತಿತ್ತು. ಕೂರಬೇಕಾದ ಜಾಗಕ್ಕೆ ಇನ್ನು ಒಂದೇ ಗೇಣು. ಎರಡು ಕಂಬಗಳ ಮೇಲೆ ಕಾಲು ಬಿಗಿದು ಕೂತು ಹಗ್ಗದಿಂದ ಅದನ್ನು ಎಳೆದುಕೊಳ್ಳುತ್ತಿದ್ದ ಇಬ್ಬರು ಇದ್ದಕ್ಕಿದ್ದಂತೆ ಎಳೆಯುವುದನ್ನು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದರು. ಕೆಳಗೆ ನಿಂತಿದ್ದ ಸೈಟ್ ಎಂಜಿನಿಯರನಿಗೆ ಅಷ್ಟು ಸಾಕಾಯಿತು. ಹದಿನೇಳು ವರ್ಷ ಉಕ್ಕಿನ ಕಟ್ಟಡಗಳ ಅಡಿಯಲ್ಲಿ ಕತ್ತೆತ್ತಿಕೊಂಡೇ ಬದುಕಿದವನಿಗೆ ತೊಲೆಗಿಂತ ಮೊದಲು ತೊಲೆ ಹಿಡಿದವರ ಮುಖ ಓದಲು ಬರುತ್ತದೆ. ಆದರೂ ಏನೂ ಗೊತ್ತಾಗದವನ ಹಾಗೆ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಂಡ, ಜೇಬಿನಲ್ಲಿ ಇಲ್ಲದ ಪೆನ್ನಿಗೆ ತಡಕಾಡಿದ, ಎಡಗಾಲಿನ ಬೂಟಿನ ಅಟ್ಟೆ ಮತ್ತೆ ಬಾಯಿ ಬಿಟ್ಟಿದೆಯೇ ಎಂದು ಬಗ್ಗಿ ನೋಡಿದ. ಬೆಳಿಗ್ಗೆ ಹೊರಡುವಾಗ ಹೆಂಡತಿ ಆ ಬೂಟನ್ನು ತೋರಿಸಿ, "ಸೋಮವಾರ ನಾನು ಕೆಲಸಕ್ಕೆ ಹೋಗೋಕೆ ಶುರು ಮಾಡ್ತೀನಲ್ಲ, ಮೊದಲು ನಿನಗೊಂದು ಜೊತೆ ಬೂಟು" ಎಂದಿದ್ದಳು. ಎಂಟು ತಿಂಗಳಲ್ಲಿ ಅವಳು ಮುಂದಿನ ವಾರದ ಬಗ್ಗೆ ಮಾತಾಡಿದ್ದು ಅದೇ ಮೊದಲು. ಅವನು ಬಸ್ಸಿನಲ್ಲಿ ಇಡೀ ದಾರಿ ಆ ಒಂದು ಮಾತನ್ನು ಬಾಯಲ್ಲಿ ಇಟ್ಟುಕೊಂಡು ಬಂದಿದ್ದ. "ಸಾರ್, ಸ್ವಲ್ಪ ಮೇಲೆ ಬರ್ತೀರಾ?" ಎಂದು ಮೇಸ್ತ್ರಿ ಕೂಗಿದ. ಆ ಮೇಸ್ತ್ರಿ ಯಾವತ್ತೂ ಅಷ್ಟು ಮರ್ಯಾದೆಯಿಂದ ಕರೆಯುವವನಲ್ಲ.

ಮೇಸ್ತ್ರಿಯನ್ನು ಎಲ್ಲರೂ ಗುಂಡಣ್ಣ ಎನ್ನುತ್ತಾರೆ. ಆಳು ಒಣಗಿದ ಕಡ್ಡಿ. ಹೆಸರು ಬಂದದ್ದು ಹೊಟ್ಟೆಯಿಂದಲ್ಲ, ಅವನ ಜೇಬಿನಲ್ಲಿ ಸದಾ ಇರುವ ತೂಕದ ಗುಂಡಿನಿಂದ. ಲೇಸರ್ ಯಂತ್ರ ಕಂಬ ನೆಟ್ಟಗಿದೆ ಎಂದು ಹೇಳಿದ ಮೇಲೂ ಅವನು ಒಮ್ಮೆ ದಾರ ಇಳಿಬಿಟ್ಟು ನೋಡದೆ ಒಪ್ಪುವುದಿಲ್ಲ. ಏಣಿ ಹತ್ತಿ ಏದುಸಿರು ಬಿಡುತ್ತ ಬಂದವನಿಗೆ ಗುಂಡಣ್ಣ ತೊಲೆಯನ್ನು ಕಣ್ಣಿನಲ್ಲೇ ತೋರಿಸಿದ. "ಎರಡೂ ಎಡಗಾಲಿನ ಚಪ್ಪಲಿ ಕಳ್ಸಿದಾರೆ ಸಾರ್." ಹುಡುಗರು ನಕ್ಕರು. ಅವನೂ ನಕ್ಕ, ಯಾಕೆಂದರೆ ಮಾತು ಅಷ್ಟು ಸರಿಯಾಗಿತ್ತು. ಅಂಗಡಿಗಳ ಈ ನಾಲ್ಕು ಮಹಡಿಯ ಕಟ್ಟಡದ ನಡುವೆ ನೆಲದಿಂದ ಗಾಜಿನ ಸೂರಿನವರೆಗೆ ತೆರೆದ ಜಾಗ. ಅದರ ಪಶ್ಚಿಮಕ್ಕೊಂದು, ಪೂರ್ವಕ್ಕೊಂದು ಉದ್ದದ ತೊಲೆ, ನೆಲವನ್ನೇ ಮೊದಲನೆಯದೆಂದು ಎಣಿಸಿ ಎರಡನೇ ಮಹಡಿಯಿಂದ ಸೂರಿನವರೆಗೆ ನಾಲ್ಕು ಹಂತಕ್ಕೂ ಅದೇ ಜೋಡಿ. ಪ್ರತಿ ತೊಲೆಯ ಹೊರಮೈಗೆ ಮೂರು ಪ್ಲೇಟು ಬೆಸೆದಿರಬೇಕು; ಅಡ್ಡತೊಲೆಗಳು ಬಂದು ಕಚ್ಚಿಕೊಳ್ಳುವುದು ಆ ಪ್ಲೇಟುಗಳಿಗೆ. ಪಶ್ಚಿಮದ್ದು ನಿನ್ನೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಕೂತಿತ್ತು. ಪೂರ್ವದ್ದರ ಪ್ಲೇಟುಗಳು ಹೊರಗೆ ನೋಡುವ ಬದಲು ಒಳಗಿನ ಖಾಲಿ ಜಾಗಕ್ಕೆ ಮುಖ ಮಾಡಿದ್ದವು. ಅದನ್ನು ಹಿಂದುಮುಂದು ತಿರುಗಿಸಿದರೂ ಆಗದು. ಮೆಟ್ಟಿಲು ಒಂದೇ ತುದಿಗಿರುವುದರಿಂದ ಪ್ಲೇಟುಗಳ ನಡುವಿನ ಅಂತರ ಒಂದೇ ಸಮ ಇಲ್ಲ. ಒಂದು ತೊಲೆ ಇನ್ನೊಂದರ ಕನ್ನಡಿಯ ನೆರಳಿನಂತೆ ಇರಬೇಕಾಗಿತ್ತು. ಕಾರ್ಖಾನೆಯವರು ಎರಡನ್ನೂ ಒಂದೇ ಮೈಯಲ್ಲಿ ಮಾಡಿ ಕಳಿಸಿದ್ದರು. ಅಂಗಳದಲ್ಲಿ ಮಲಗಿರುವ ಉಳಿದ ಮೂರು ಪೂರ್ವದ ತೊಲೆಗಳೂ ಹಾಗೇ ಇದ್ದಾವು ಎಂದು ನೋಡದೆಯೇ ಅವನಿಗೆ ಗೊತ್ತಾಯಿತು.

ಅಷ್ಟರಲ್ಲಿ ಮಾಲೀಕರ ಕಡೆಯ ಮ್ಯಾನೇಜರು ಕೆಳಗೆ ಬಂದು ನಿಂತಿದ್ದರು. ಅವರು ಏಣಿ ಹತ್ತುವವರಲ್ಲ, ಕೂಗುವವರು. "ಏನ್ರೀ ನಿಮ್ಮ ಕಥೆ? ನಿಮ್ಮ ತೊಲೆ ಅಲ್ಲೇ ಉಯ್ಯಾಲೆ ಆಡ್ತಾ ಇರುತ್ತಾ? ಸಂಜೆ ಆರಕ್ಕೆ ಕ್ರೇನು ಬೇರೆ ಸೈಟಿಗೆ ಹೋಗುತ್ತೆ, ಇನ್ನು ಹತ್ತು ದಿನ ಬರಲ್ಲ." ಕೂಗು ಖಾಲಿ ಚೌಕಟ್ಟಿನ ತುಂಬ ಓಡಾಡಿ ವಾಪಸು ಬಂತು. ಹುಡುಗರೆಲ್ಲ ತಮ್ಮ ಬೋಲ್ಟಿನ ಚೀಲಗಳೊಳಗೆ ಏನನ್ನೋ ಹುಡುಕತೊಡಗಿದರು. ಅವನು, "ನೋಡ್ತಾ ಇದೀನಿ ಸಾರ್" ಎಂದ. ಹಾಗೆಂದದ್ದೇ ತಡ, ಆ ಮಾತು ತನ್ನ ಬಾಯಿಗೆ ಎಷ್ಟು ರೂಢಿಯಾಗಿಬಿಟ್ಟಿದೆ ಅನ್ನಿಸಿ ಹೇಸಿಗೆಯಾಯಿತು.

ಸೈಟಿನ ಕಚೇರಿ ಎಂದರೆ ಒಂದು ಹಳೆಯ ಕಂಟೇನರ್. ಒಳಗೆ ಕಬ್ಬಿಣದ ಬಿಸಿ, ಒಂದು ಫ್ಯಾನು, ಗೋಡೆಗೆ ಒರಗಿದ ಡ್ರಾಯಿಂಗುಗಳ ಸುರುಳಿ. ಆ ತೊಲೆಯ ಹಾಳೆಯನ್ನು ಬಿಡಿಸಿ ನಾಲ್ಕು ಮೂಲೆಗೂ ನಟ್ಟುಗಳನ್ನು ಹೇರಿದ. ಅವರ ಕಂಪನಿಯದು ಇನ್ನೂ ಹಳೇ ಪದ್ಧತಿ. ಜೋಡಿ ತೊಲೆಗಳಿಗೆ ಎರಡು ಚಿತ್ರ ಬರೆಯುವುದಿಲ್ಲ. ಎಡದ್ದನ್ನು ಮಾತ್ರ ಬರೆದು ಕೆಳಗೆ, 'ಒಂದು ಬರೆದಂತೆ, ಒಂದು ಮಿರರ್' ಎಂದು ಒಂದು ಸಾಲು ಹಾಕುತ್ತಾರೆ. ಕಾರ್ಖಾನೆಯವನು ಆ ಸಾಲು ಓದಿ ಎರಡನೆಯದನ್ನು ತಿರುವು ಮುರುವು ಮಾಡುತ್ತಾನೆ. ಈ ಹಾಳೆಯಲ್ಲಿ ಅಳತೆಗಳೆಲ್ಲ ಇದ್ದವು, ಪ್ಲೇಟಿನ ದಪ್ಪ ಇತ್ತು, ತೂತುಗಳ ಲೆಕ್ಕ ಇತ್ತು, ಒಂದೊಂದು ಅಂಕಿಯೂ ಮುತ್ತು ಪೋಣಿಸಿದಂತೆ. ಆ ಸಾಲು ಮಾತ್ರ ಇರಲಿಲ್ಲ. ಕಣ್ಣು ಬಲಮೂಲೆಯ ಚೌಕಕ್ಕೆ ಹೋಯಿತು. ಹೋಗಬಾರದಿತ್ತು. 'ಬರೆದವರು' ಎಂಬಲ್ಲಿ ಅವನ ಹೆಂಡತಿಯ ಸಹಿ. 'ಪರಿಶೀಲಿಸಿದವರು' ಎಂಬಲ್ಲಿ ಅವನದು. ಆದರೆ ಆ ಎರಡನೆಯ ಸಹಿಯೂ ಅವಳ ಕೈಬರಹದಲ್ಲೇ ಇತ್ತು, ಬಾಲ ಸ್ವಲ್ಪ ಮೇಲಕ್ಕೆ ಎತ್ತಿ, ಅವನು ಹಾಕುವುದಕ್ಕಿಂತ ಚೆನ್ನಾಗಿ. ಪಕ್ಕದಲ್ಲಿ ತಾರೀಖು. ತಾರೀಖನ್ನು ಅವನು ಓದಬೇಕಾಗಿರಲಿಲ್ಲ.

ಆ ದಿನ ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು, "ಇವತ್ತು ಯಾಕೋ ಒದೀತಾ ಇಲ್ಲ ಕಣೋ" ಎಂದಿದ್ದಳು. ಏಳನೇ ತಿಂಗಳು. "ಮಲಗಿರುತ್ತೆ ಬಿಡು, ನಿನ್ನ ಹಾಗೇ, ಎಬ್ಬಿಸಿದರೂ ಏಳಲ್ಲ" ಎಂದು ಅವನು ನಗಿಸಿದ್ದ. ಅವಳು ನಕ್ಕಿದ್ದಳು ಕೂಡ. ಈ ಎಂಟು ತಿಂಗಳಲ್ಲಿ ಅವನು ಮನಸ್ಸಿನಿಂದ ಏನನ್ನಾದರೂ ಅಳಿಸಿಹಾಕಲು ಹೆಣಗಿದ್ದರೆ ಅದನ್ನು, ಆ ನಗುವನ್ನು. ಆಗ ಅವನೂ ಸ್ವಲ್ಪ ಕಾಲ ಸೈಟು ಬಿಟ್ಟು ಡ್ರಾಯಿಂಗ್ ಆಫೀಸಿನಲ್ಲೇ ಇದ್ದ, ಅವಳ ಹಾಳೆಗಳನ್ನು ಪರಿಶೀಲಿಸುವವನು; ಸೈಟಿಗೆ ಮರಳಿದ್ದು ಆಮೇಲೆ. ಹನ್ನೊಂದಕ್ಕೆ ಅವಳು ಅವನ ಮೇಜಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಇನ್ನೂ ಇಲ್ಲ" ಎಂದಳು. ಪಕ್ಕದ ಮೇಜಿನವನು ಕಂಪ್ಯೂಟರಿನಿಂದ ಕಣ್ಣೆತ್ತಿ ಮೀಸೆಯಡಿ ನಕ್ಕ ಹಾಗಾಯಿತು. ಗಂಡಹೆಂಡತಿ ಒಂದೇ ಕಚೇರಿಯಲ್ಲಿದ್ದರೆ ಜನ ನಗುವುದಕ್ಕೆ ಕಾರಣ ಬೇಕಿಲ್ಲ. ಆ ನಗುವಿಗೆ ಕೇಳಲೆಂದೇ ಅವನು ದನಿ ಎತ್ತರಿಸಿ, "ಮೊದಲು ಆ ಹಾಳೆ ಮುಗಿಸು. ನಾಲ್ಕಕ್ಕೆ ಕಾರ್ಖಾನೆಗೆ ಹೋಗಬೇಕು. ಸಂಜೆ ಡಾಕ್ಟರ ಹತ್ರ ಹೋಗೋಣ" ಎಂದ. ಅವಳು ಹೂಂ ಎಂದು ಹೋದಳು. ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡು ಸಾಲು ಮೇಜುಗಳ ನಡುವೆ ಹೋದ ಆ ಬೆನ್ನನ್ನು ಅವನು ನೋಡಿದ್ದ, ಅಂದರೆ ಅವನ ಕಣ್ಣು ಆ ಕಡೆ ಇತ್ತು.

ಮೂರು ಗಂಟೆಯ ಹೊತ್ತಿಗೆ ಮೇಲಿನ ಮಹಡಿಯಲ್ಲಿ ಮೀಟಿಂಗು. ನಿರ್ದೇಶಕರು ಅವನಿಗೆ ತಮ್ಮ ಪಕ್ಕದ ಕುರ್ಚಿ ತೋರಿಸಿದ್ದರು, ತಟ್ಟೆಯಲ್ಲಿ ಬಿಸ್ಕತ್ತು ಇತ್ತು, ಮುಂದಿನ ವರ್ಷ ಯಾರು ಯಾವ ಹುದ್ದೆಗೆ ಎಂಬ ಮಾತು ಇನ್ನೇನು ಬರುವ ಹಾಗಿತ್ತು. ಜೋಡಿ ತೊಲೆಯ ಹಾಳೆಯನ್ನು ಪರಿಶೀಲಿಸುವವನು ಕೆಂಪು ಪೆನ್ನು ಹಿಡಿದು ಬರೆದವರ ಮೇಜಿಗೇ ಹೋಗಿ, ನಿಂತು ನೋಡಿ, ಸಹಿ ಹಾಕಬೇಕು ಎನ್ನುವುದು ಆ ಕಚೇರಿಯ ಕಟ್ಟಳೆ. ಕೆಳಗಿಳಿದು ಹೋಗಿಬರಲು ಹತ್ತು ನಿಮಿಷ ಸಾಕಿತ್ತು. ಅಷ್ಟು ಹೊತ್ತಿನಲ್ಲಿ ಕುರ್ಚಿಗೆ ಬೇರೆ ಯಾರಾದರೂ ಬಂದು ಕೂತರೆ? ಬಾಗಿಲ ಬಳಿ ನಿಂತು ಫೋನು ಮಾಡಿ, "ನನ್ನ ಸಹೀನೂ ನೀನೇ ಹಾಕಿಬಿಡು. ನಿನ್ನ ಕೆಲಸದಲ್ಲಿ ನಾನು ನೋಡೋದೇನಿದೆ?" ಎಂದ. ನಿರ್ದೇಶಕರು ಕೇಳಿಸಿಕೊಂಡು, "ನೋಡ್ರಪ್ಪಾ, ಹೆಂಡತಿ ಮೇಲೆ ಎಂಥ ವಿಶ್ವಾಸ!" ಎಂದು ಎಲ್ಲರನ್ನೂ ನಗಿಸಿದರು. ಅವನಿಗೂ ಆ ಕ್ಷಣಕ್ಕೆ ಅದು ಪ್ರೀತಿಯೇ ಅನ್ನಿಸಿತ್ತು. ಸಂಜೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಾಗ ಅಂಗಿಯ ಮೇಲೆ ಬಿಸ್ಕತ್ತಿನ ಪುಡಿ ಇದ್ದದ್ದು ಕಂಡಿತು. ಒಳಗೆ ಡಾಕ್ಟರು ಸ್ಕ್ಯಾನಿನ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡಿದ್ದರು. ಅವರು ಹೊರಗೆ ಬಂದಾಗ ಅವನು, "ಬೆಳಿಗ್ಗೆಯೇ ಬಂದಿದ್ದರೆ?" ಎಂದ. ಅವರು ಪೆನ್ನಿನ ಮುಚ್ಚಳ ಹಾಕಿ, "ಹೇಳೋಕಾಗಲ್ಲ" ಎಂದರು. ಆಮೇಲೆ ಅವಳು ಕೇಳಿದಾಗ ಅವನು ಹೇಳಿದ್ದು, "ಬೆಳಿಗ್ಗೆ ಬಂದಿದ್ದರೂ ಅಷ್ಟೇ ಅಂತೆ." ಮರುದಿನ ಹೆರಿಗೆಯಾದ ಮೇಲೆ ನರ್ಸು ಬಾಗಿಲಲ್ಲಿ ನಿಂತು, "ಹೆಣ್ಣು ಮಗು. ನೋಡ್ತೀರಾ?" ಎಂದಾಗ ಬೇಡ ಅಂದವನೂ ಅವನೇ, ಇಬ್ಬರ ಪರವಾಗಿ. ಅವಳನ್ನು ಯಾರೂ ಕೇಳಲಿಲ್ಲ.

ಕಂಟೇನರಿನ ಬಾಗಿಲು ತಟ್ಟಿ ಗುಂಡಣ್ಣ ಒಳಗೆ ಬಂದ. ಹಾಳೆಯ ಮೇಲೆ ಅವನು ಅಂಗೈ ಊರಿ, ಮೂಲೆಯ ಚೌಕ ಮುಚ್ಚಿಕೊಂಡು ನಿಂತಿದ್ದ. ಗುಂಡಣ್ಣ ಅದನ್ನು ಕಂಡೂ ಕಾಣದವನಂತೆ ಫ್ಯಾನಿಗೆ ಮುಖ ಕೊಟ್ಟ. "ಸಾರ್, ಒಂದು ಮಾತು. ಮಗುಚಿ ಹಾಕಿಬಿಟ್ರೆ? ತಲೆಕೆಳಗು ಮಾಡಿದ್ರೆ ಪ್ಲೇಟು ತಾನಾಗೇ ಆ ಕಡೆ ಹೋಗುತ್ತೆ. ತುದಿಯ ತೂತು ಮೇಲೂ ಕೆಳಗೂ ಸಮ ಇವೆ, ಕೂತ್ಕೊಳುತ್ತೆ. ಅಡ್ಡತೊಲೆ ಎರಡು ಇಂಚು ಇಳಿಯುತ್ತೆ, ಅದಕ್ಕೆ ತುಂಡು ಕೊಟ್ಟು ಏರಿಸ್ಕೋಬಹುದು. ಕಾಂಕ್ರೀಟು ಬಿದ್ಮೇಲೆ ಯಾರ ಕಣ್ಣಿಗೆ ಬೀಳಬೇಕು?" ಹಾಗೆ ಮಾಡಬಾರದು ಎಂದು ಅವನಿಗೆ ಗೊತ್ತಿತ್ತು. ಉದ್ದದ ತೊಲೆಗಳನ್ನು ಸುಮ್ಮನೆ ನೇರವಾಗಿ ಮಾಡಿರುವುದಿಲ್ಲ. ಮಧ್ಯದಲ್ಲಿ ಬೆರಳಿನಷ್ಟು ಮೇಲಕ್ಕೆ ಉಬ್ಬಿಸಿರುತ್ತಾರೆ, ಭಾರ ಬಿದ್ದಾಗ ಸಮವಾಗಲಿ ಎಂದು. ಮಗುಚಿದರೆ ಆ ಉಬ್ಬು ತಗ್ಗಾಗುತ್ತದೆ, ಭಾರಕ್ಕೆ ಇನ್ನಷ್ಟು ಕುಸಿಯುತ್ತದೆ. ಜನ ಚೀಲ ಹಿಡಿದು ಓಡಾಡುವ ಪಡಸಾಲೆಯ ನಡುವೆ ಒಂದು ಇಳಿಜಾರು. ಮೊದಲ ವರ್ಷ ಬಿರುಕು, ಎರಡನೇ ವರ್ಷ ನೆಲದ ಕಲ್ಲು ಏಳುವುದು, ಆಮೇಲೆ ಏನೋ. ಇದನ್ನೆಲ್ಲ ಕಾಲೇಜಿನ ಹುಡುಗರಿಗೆ ಪಾಠ ಹೇಳುವಷ್ಟು ಚೆನ್ನಾಗಿ ಬಲ್ಲ. ಆದರೆ ಮಗುಚಿದರೆ ರಿಪೋರ್ಟು ಬರೆಯಬೇಕಾಗಿಲ್ಲ. ರಿಪೋರ್ಟು ಇಲ್ಲದಿದ್ದರೆ ಈ ಹಾಳೆಯನ್ನು ಯಾರೂ ಬಿಡಿಸುವುದಿಲ್ಲ. ಬಿಡಿಸದಿದ್ದರೆ ಅವಳು ಸೋಮವಾರ ಬೆಳಿಗ್ಗೆ ತನ್ನ ಮೇಜಿಗೆ ಹೋಗಿ ಕೂರುತ್ತಾಳೆ. "ಹೂಂ" ಎಂದ.

ಗುಂಡಣ್ಣ ಒಂದು ಕ್ಷಣ ನಿಂತ. ಇನ್ನೊಮ್ಮೆ ಕೇಳುತ್ತಾನೇನೋ ಎಂದು ಅವನು ಕಾದ. ಕೇಳಲಿಲ್ಲ. ಹೊರಗೆ ಸೀಟಿ ಊದಿದ್ದು ಕೇಳಿಸಿತು, ಕ್ರೇನಿನ ಎಂಜಿನ್ ದನಿ ಬದಲಾಯಿತು. ಕಿಟಕಿಯಿಂದ ನೋಡಿದರೆ ತೊಲೆ ಕೆಳಗಿಳಿಯುತ್ತಿತ್ತು, ಮಗುಚಿಸಿಕೊಳ್ಳಲು, ಬಹಳ ನಿಧಾನ. ಕಳೆದ ವಾರವಿಡೀ ಅವಳು ಊಟದ ಮೇಜಿನ ಮೇಲೆ ಹಳೆಯ ಹಾಳೆಗಳನ್ನು ಹರಡಿಕೊಂಡು, "ಕೈ ಮರೆತೇ ಹೋಗಿದೆ ಕಣೋ" ಎನ್ನುತ್ತ, ಕಂಪ್ಯೂಟರಿಗೆ ಕೂರುವ ಮುಂಚೆ ಕಾಗದದ ಮೇಲೆ ಗೆರೆ ಎಳೆದಿದ್ದಳು. ಅಳತೆಪಟ್ಟಿ ಹಿಡಿದು ತುಟಿ ಕಚ್ಚಿಕೊಂಡ ಆ ಮುಖ ಎಂಟು ತಿಂಗಳ ಹಿಂದಿನದಾಗಿತ್ತು. ಅವನು ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವ ನೆಪದಲ್ಲಿ ನಿಂತು ಅದನ್ನೇ ನೋಡಿದ್ದ. ಈ ಮುಖಕ್ಕಾಗಿ ಒಂದು ನೆಲ ಕುಸಿದರೆ ಕುಸಿಯಲಿ ಎಂದು ಈಗ ಅನ್ನಿಸಿತು. ಅನ್ನಿಸಿದ್ದೇ ಇನ್ನೊಂದು ಕಣ್ಣಿಗೆ ಕಟ್ಟಿತು. ಆ ಪಡಸಾಲೆಯಲ್ಲಿ ಯಾರೋ ಒಬ್ಬಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಡೆಯುತ್ತಾಳೆ. ಅವಳು ಯಾರೋ ಏನೋ. ಅವನು ಓಡಿದ. ಬೂಟಿನ ಅಟ್ಟೆ ಪಟಪಟ ಬಡಿಯುತ್ತ, ಹೆಲ್ಮೆಟ್ಟಿಲ್ಲದೆ, ಎರಡೂ ಕೈ ಮೇಲೆತ್ತಿಕೊಂಡು, "ನಿಲ್ಸಿ! ಮಗುಚಬೇಡಿ, ನಿಲ್ಸಿ!" ಎಂದು ಅಂಗಳದ ತುಂಬ ಕಿರುಚಿದ. ಮ್ಯಾನೇಜರು ತಮ್ಮ ಕಾರಿನ ಪಕ್ಕ ನಿಂತು ಈ ತಮಾಷೆ ನೋಡಿದರು. ಗುಂಡಣ್ಣ ಹತ್ತಿರ ಬಂದು ಅವನ ತಲೆಗೆ ತನ್ನ ಹೆಲ್ಮೆಟ್ಟು ಇಟ್ಟ. "ನೀವು ಬೇಡ ಅಂತೀರಿ ಅಂತ ಗೊತ್ತಿತ್ತು ಸಾರ್. ಅದಕ್ಕೇ ನಿಧಾನ ಇಳಿಸಿದ್ದು" ಎಂದ. ಅವನಿಗೆ ಆ ಮಾತು ಹೊಗಳಿಕೆಯಂತೆ ಕೇಳಲಿಲ್ಲ, ಯಾಕೆಂದರೆ ತನ್ನ ಬಗ್ಗೆ ತನಗೆ ಅಷ್ಟು ಗೊತ್ತಿರಲಿಲ್ಲ.

ಆಮೇಲಿನದು ನೀರು ಕುಡಿದಷ್ಟು ಸುಲಭವಾಯಿತು. ಅದು ಇನ್ನೊಂದು ನಾಚಿಕೆ. ಬಾಗಿಲ ಮೇಲಿನ ಚಾವಣಿಗೆಂದು ತಂದು ಉಳಿದಿದ್ದ ದಪ್ಪನೆಯ ಕಬ್ಬಿಣದ ಆಂಗಲ್ ತುಂಡುಗಳು ಅಂಗಳದ ಮೂಲೆಯಲ್ಲಿ ಬಿದ್ದಿದ್ದವು. ತೊಲೆಯ ಮೈಗೆ ಸರಿಯಾದ ಕಡೆಯಿಂದ ತೂತು ಕೊರೆದು, ಆ ತುಂಡುಗಳನ್ನು ಬೋಲ್ಟಿನಿಂದ ಬಿಗಿದರೆ ಅಡ್ಡತೊಲೆಗಳು ಅವಕ್ಕೆ ಕಚ್ಚಿಕೊಳ್ಳುತ್ತವೆ. ತಪ್ಪು ಕಡೆಯ ಪ್ಲೇಟುಗಳನ್ನು ಕತ್ತರಿಸಿ ಉಜ್ಜಿದರೆ ಆಯಿತು. ವಿನ್ಯಾಸದ ಎಂಜಿನಿಯರಮ್ಮನಿಗೆ ಫೋನು ಮಾಡಿದ. ಅವರು ಎರಡು ನಿಮಿಷ ಲೆಕ್ಕ ಹಾಕಿ, "ನಾಲ್ಕು ಬೋಲ್ಟು ಸಾಲಲ್ಲ, ಆರು ಹಾಕಿ. ಕತ್ತರಿಸುವಾಗ ತೊಲೆಯ ಮೈಗೆ ಗಾಯ ಆಗಬಾರದು, ನೀವೇ ನಿಂತು ನೋಡಿ" ಎಂದರು. ನಿಂತು ನೋಡಿದ. ಸೀಮೆಸುಣ್ಣದಲ್ಲಿ ಗುರುತು ಹಾಕಿದ, ಗುರುತನ್ನು ಮೂರು ಸಲ ಅಳೆದ, ಡ್ರಿಲ್ಲಿನಿಂದ ಸುರುಳಿ ಸುರುಳಿಯಾಗಿ ಬಿಸಿ ಪುಡಿ ಉದುರುವುದನ್ನು ಬಗ್ಗಿ ನೋಡಿದ. ಉಕ್ಕಿನಲ್ಲಿ ಎಂಥ ತಪ್ಪಿಗೂ ಒಂದು ದಾರಿ ಇರುತ್ತದೆ, ಹುಡುಕುವವನು ಅವಸರ ಮಾಡಬಾರದು ಅಷ್ಟೇ, ಎಂದು ಅವನಿಗೆ ಕೆಲಸ ಕಲಿಸಿದವರು ಹೇಳುತ್ತಿದ್ದರು. ಅವರು ಉಕ್ಕಿನ ಬಗ್ಗೆ ಮಾತ್ರ ಹೇಳಿದ್ದರು. ನಾಲ್ಕು ಗಂಟೆಗೆ ತೊಲೆ ಏರಿತು. ಬೋಲ್ಟುಗಳು ಒಂದೊಂದಾಗಿ ಬೆರಳಿನಲ್ಲೇ ಒಳಗೆ ಹೋದವು, ಸುತ್ತಿಗೆಯ ಒಂದು ಏಟೂ ಬೇಕಾಗಲಿಲ್ಲ. ಹುಡುಗರು ಮೇಲಿನಿಂದ ಶಿಳ್ಳೆ ಹಾಕಿದರು. ಮ್ಯಾನೇಜರು ಬಂದು, "ಪರವಾಗಿಲ್ರೀ, ತಲೆ ಓಡಿಸ್ತೀರಿ. ಆದ್ರೆ ರಿಪೋರ್ಟು ಇವತ್ತೇ ಬೇಕು. ಯಾರ ತಪ್ಪು ಅಂತ ಸ್ಪಷ್ಟ ಬರೀರಿ, ಸುತ್ತಿ ಬಳಸಬೇಡಿ" ಎಂದರು.

ಫಾರಮ್ಮಿನಲ್ಲಿ ಮೂರು ಚೌಕ. ಏನಾಯಿತು, ಹೇಗೆ ಸರಿಪಡಿಸಿದಿರಿ, ಮೂಲ ಕಾರಣ ಮತ್ತು ಹೊಣೆ. ಮೊದಲ ಎರಡು ಚೌಕ ತುಂಬಲು ಅವನಿಗೆ ಐದು ನಿಮಿಷ ಹಿಡಿಯಿತು. ಮೂರನೆಯದರ ಮುಂದೆ ಕೂತ. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಕಾರಣ ಎಂಬಲ್ಲಿ 'ತಿಳಿದಿಲ್ಲ' ಎಂದು ಬರೆದಿತ್ತು, ಅದನ್ನು ಯಾರೂ ವಾಪಸು ಕಳಿಸಿರಲಿಲ್ಲ. ಅಷ್ಟರಲ್ಲಿ ಡ್ರಾಯಿಂಗ್ ಆಫೀಸಿನ ಮುಖ್ಯಸ್ಥರ ಫೋನು ಬಂತು. ಎಲ್ಲವೂ ಕಂಪ್ಯೂಟರಿಗೆ ಹೋಗಿ ಹದಿನೈದು ವರ್ಷವಾದರೂ ಮೇಜಿನ ಮೇಲೆ ಒಂದು ರಬ್ಬರ್ ಇಟ್ಟುಕೊಂಡಿರುವುದರಿಂದ ಅವರನ್ನು ಎಲ್ಲರೂ ಬೆನ್ನ ಹಿಂದೆ ರಬ್ಬರ್ ಸಾಹೇಬರು ಎನ್ನುತ್ತಿದ್ದರು. "ವಿಷಯ ಗೊತ್ತಾಯ್ತಪ್ಪ. ಬರೆದದ್ದು ಯಾರು ಅಂತ ನಾನು ಕೇಳಲ್ಲ, ನನಗೂ ನೆನಪಿದೆ ಯಾವ ದಿನ ಅಂತ. ಆದ್ರೆ ಹೊಸ ನಿರ್ದೇಶಕರು ಅವಳನ್ನ ಸೇರಿಸ್ಕೊಳೋ ಮುಂಚೆ ಫೈಲು ತರಿಸಿ ನೋಡ್ತಾರೆ. ನಾಲ್ಕು ತೊಲೆ ತಪ್ಪು ಮಾಡಿದೋರನ್ನ ವಾಪಸು ತಗೋತಾರಾ, ನೀನೇ ಯೋಚನೆ ಮಾಡು" ಎಂದು ಫೋನಿಟ್ಟರು. ಆ ಕೊನೆಯ ಮಾತಿನಲ್ಲಿ ಒಂದು ದಾರಿ ತೋರಿಸಿದ ಹಾಗಿತ್ತು. ಅವನು ಬರೆದ: 'ಬರೆದವರು ಮಿರರ್ ಎಂಬ ಸಾಲನ್ನು ಹಾಕಿದ್ದರು. ಪರಿಶೀಲಿಸುವಾಗ ಹಾಳೆಯನ್ನು ಪೂರ್ತಿ ನೋಡಿ, ಈ ಸಾಲು ಅನಗತ್ಯವೆಂದು ತಪ್ಪಾಗಿ ತಿಳಿದು ತೆಗೆಸಿದವನು ನಾನು. ಪೂರ್ತಿ ಹೊಣೆ ನನ್ನದು.' ಕೆಳಗೆ ಸಹಿ ಹಾಕಿದ. ಈ ಸಲ ತನ್ನದೇ ಕೈಯಿಂದ.

ಕಳಿಸಿದ ಮೇಲೆ ಮೈ ಹಗುರವಾಯಿತು. ಬೆಳಗಿನಿಂದ ತೆರೆಯದಿದ್ದ ಡಬ್ಬಿ ತೆಗೆದು ತಣ್ಣಗಾದ ಊಟವನ್ನು ಕೊನೆಯ ಅಗುಳಿನವರೆಗೆ ತಿಂದ. ಬಡ್ತಿ ಹೋಗುತ್ತದೆ, ಹೋಗಲಿ. ಪೈಪೋಟಿಯಲ್ಲಿ ಹಿಂದೆ ಬಿದ್ದವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಎಂಟು ತಿಂಗಳಿಂದ ಅವಳಿಗೆ ಏನನ್ನಾದರೂ ಕೊಡಬೇಕೆಂದು ಹುಡುಕುತ್ತಿದ್ದವನಿಗೆ ಕೊನೆಗೂ ಕೊಡಲು ಒಂದು ವಸ್ತು ಸಿಕ್ಕಿತ್ತು, ಅದೂ ಅವಳಿಗೆ ಗೊತ್ತಾಗದ ಹಾಗೆ. ಬಸ್ಸಿನ ಕಿಟಕಿಯಲ್ಲಿ ತನ್ನ ಮುಖ ಕಂಡಾಗ ಅದು ತನ್ನನ್ನೇ ಸ್ವಲ್ಪ ಮೆಚ್ಚಿಕೊಂಡ ಮುಖವಾಗಿತ್ತು. ಕೂಡಲೇ ಬೇರೆ ಕಡೆ ನೋಡಿದ. ಆದರೂ ಇಳಿಯುವ ಹೊತ್ತಿಗೆ ಎದೆಯಲ್ಲಿ ಒಂದು ಹಾಡಿನಂಥದು ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ.

ಅವಳು ಊಟದ ಮೇಜಿನ ಬಳಿ ಕೂತಿದ್ದಳು. ವಾರದಿಂದ ಹರಡಿಕೊಂಡಿದ್ದ ಹಾಳೆಗಳು ಇರಲಿಲ್ಲ, ಮೇಜು ಒರೆಸಿ ಚೊಕ್ಕವಾಗಿತ್ತು. ಹೊರಗಿನ್ನೂ ಬೆಳಕಿತ್ತು, ಆದರೂ ದೀಪ ಹಾಕಿದ್ದಳು. "ಸೈಟಲ್ಲಿ ಏನಾಯ್ತು ಇವತ್ತು?" ಎಂದಳು.

"ಏನೂ ಇಲ್ಲ. ಮಾಮೂಲು." ಅವನು ಬೂಟಿನ ದಾರ ಬಿಚ್ಚಲು ಬಗ್ಗಿದ.

"ಎರಡನೇ ಮಹಡಿಗೆ ಬಂದ್ರಾ?"

"ಹೂಂ."

"ಪೂರ್ವದ ಕಡೆ ತೊಲೆ ಏರಿತಾ?"

ದಾರ ಗಂಟಾಯಿತು. "ಏರಿತು. ಯಾಕೆ? ಒಂದು ಸಣ್ಣ ಹೊಂದಾಣಿಕೆ ಇತ್ತು, ಮಾಡಿದ್ವಿ" ಎಂದ. ಅವಳು ಸ್ವಲ್ಪ ಹೊತ್ತು ಕಾದಳು. ಅವನು ಇನ್ನೇನೂ ಹೇಳುವುದಿಲ್ಲ ಎಂದು ಖಚಿತ ಮಾಡಿಕೊಳ್ಳುವವಳ ಹಾಗೆ ಕಾದಳು. ಆಮೇಲೆ, "ರಬ್ಬರ್ ಸಾಹೇಬ್ರು ಫೋನ್ ಮಾಡಿದ್ರು. ನಿನ್ನ ಗಂಡ ಚಿನ್ನದಂಥವನಮ್ಮ ಅಂದ್ರು. ನೀನು ಬರೆದಿದ್ದನ್ನ ಓದಿ ಹೇಳಿದ್ರು" ಎಂದಳು. ಅವನು ತಲೆ ಎತ್ತಲಿಲ್ಲ. ಚಿನ್ನದಂಥವನು ಎಂಬ ಮಾತಿಗೆ ನಾಚಿಕೊಳ್ಳಬೇಕೋ ಏನೋ ಎಂದು ಇನ್ನೂ ಲೆಕ್ಕ ಹಾಕುತ್ತಿದ್ದ.

"ಹಾಳೆ ಪೂರ್ತಿ ನೋಡಿದೆ ಅಂತ ಬರೆದಿದೀಯ."

"ಹಾಗೆ ಬರೀದಿದ್ರೆ ನಿನ್ನ ಹೆಸರು ಬರ್ತಿತ್ತು ಕಣೇ. ಸೋಮವಾರ..."

"ಸೋಮವಾರ ಬರಲ್ಲ ಅಂತ ಹೇಳಿದೀನಿ. ತಪ್ಪು ನಂದೇ ಅಂತಾನೂ ಹೇಳಿದೀನಿ. ಅವರು ನಂಬಲಿಲ್ಲ, ಮೇಲ್ ಮಾಡಿ ಹೇಳಿದೆ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಅವನು ಒಂದು ಬೂಟು ಬಿಚ್ಚಿ ಇನ್ನೊಂದರಲ್ಲೇ ಎದ್ದು ಹೋಗಿ ಅವಳ ಎದುರು ಕೂತ. "ಮರೆತು ಹೋಗಿದ್ದು ತಪ್ಪಲ್ಲ. ಆ ದಿನ ಯಾರಿಗಾದ್ರೂ ಮರೆಯುತ್ತೆ. ನಿನಗೆ ಆಗ ಹೇಗಿತ್ತು ಅಂತ..."

"ಮರೆತಿರಲಿಲ್ಲ" ಎಂದಳು. "ಬೇಕಂತಲೇ ಬಿಟ್ಟಿದ್ದೆ."

ಅವನಿಗೆ ಅರ್ಥವಾಗಲಿಲ್ಲ. ಅವಳು ಒರೆಸಿದ ಮೇಜನ್ನೇ ಮತ್ತೆ ಅಂಗೈಯಿಂದ ಒರೆಸುತ್ತ ಹೇಳಿದಳು. "ಎರಡು ಸಲ ಹೇಳಿದ್ದೆ ನಿನಗೆ. ಮೂರನೇ ಸಲ ಎಲ್ಲರ ಮುಂದೆ ಹೇಳಿದ್ರೆ ಬೈತೀಯ ಅಂತ ಭಯ ಆಯ್ತು. ಜೋಡಿ ತೊಲೆ ಅಂದ್ರೆ ನೀನು ಮೊದಲು ಹುಡುಕೋದೇ ಆ ಸಾಲು. ಅದು ಇಲ್ಲ ಅಂದ್ರೆ ನನ್ನ ಮೇಜಿನ ಹತ್ರ ನಿಂತ್ಕೊಂಡು ಹತ್ತು ನಿಮಿಷ ರೇಗಿಸ್ತೀಯ. ಆಗ ನಿನ್ನ ಕೈ ಹಿಡ್ಕೊಂಡು ಹೊಟ್ಟೆ ಮೇಲೆ ಇಟ್ಟುಬಿಡೋಣ, ಯಾರು ನೋಡಿದ್ರೂ ಚಿಂತೆ ಇಲ್ಲ, ಆಮೇಲೆ ನೀನೇ ಹೆದರಿ ಎಬ್ಬಿಸಿಕೊಂಡು ಹೋಗ್ತೀಯ ಅಂದ್ಕೊಂಡೆ. ಬೇರೆ ಎಲ್ಲ ಸರಿಯಾಗಿ ಬರೆದೆ, ಒಂದು ಅಂಕಿ ತಪ್ಪಿಲ್ಲ. ಅದೊಂದು ಬಿಟ್ಟೆ."

ಹೊರಗೆ ಯಾರೋ ಮೆಟ್ಟಿಲು ಹತ್ತಿ ಮೇಲಿನ ಮನೆಗೆ ಹೋದರು. 

"ಆಮೇಲಾದ್ರೂ ಹಾಕಬಹುದಿತ್ತು" ಎಂದಳು. "ನಿನ್ನ ಸಹಿ ಹಾಕುವಾಗ ಪೆನ್ನು ಕೈಯಲ್ಲೇ ಇತ್ತು. ಹಾಕಲಿಲ್ಲ. ಯಾವತ್ತೋ ಒಂದು ದಿನ ಆ ತೊಲೆ ಮೇಲೆ ಹೋಗುತ್ತೆ, ಕೂರಲ್ಲ, ಆಗಾದ್ರೂ ನೀನು ಆ ಹಾಳೆ ನೋಡ್ತೀಯ, ಮನೆಗೆ ಬಂದು ಯಾಕೆ ಅಂತ ಕೇಳ್ತೀಯ ಅಂತ ಇದ್ದೆ. ಇವತ್ತು ನೀನು ನೋಡಿದೆ. ಬಂದು, ಏನೂ ಇಲ್ಲ ಅಂದೆ."

 ಅವನು ಕ್ಷಮಿಸು ಎನ್ನಹೊರಟು ಬಿಟ್ಟುಬಿಟ್ಟ, ಅದನ್ನೂ ತನಗೆ ಹಗುರವಾಗಲೆಂದೇ ಆಡುತ್ತಿದ್ದೇನೆ ಅನ್ನಿಸಿ. ಮೇಜಿನ ಮೇಲಿದ್ದ ಅವಳ ಕೈ ಹಿಡಿಯಲು ಹೋದ. ಅವಳು ಕೈ ಎಳೆದುಕೊಳ್ಳಲಿಲ್ಲ. ಹಿಡಿಯಲೂ ಇಲ್ಲ. ಕೊನೆಗೆ ಅವನ ಬಾಯಿಂದ ಹೊರಬಿದ್ದದ್ದು ಬೇರೆಯೇ ಪ್ರಶ್ನೆ, ಅದರ ಉತ್ತರ ಅವನಿಗೆ ಬೇಕಾಗಿರಲಿಲ್ಲ.

"ಎಷ್ಟು ಹೊತ್ತು ಕಾದೆ?"

ಅವಳು ಯೋಚಿಸಿದಳು, ಸರಿಯಾದ ಅಳತೆ ಹೇಳಬೇಕೆನ್ನುವವಳ ಹಾಗೆ.

"ನೀನು ಫೋನ್ ಮಾಡೋವರೆಗೂ."